ಅರ್ಧ ಅಂಗಳದ ಸಾನಿಯಾ

ಸಾನಿಯಾ ಮಿರ್ಜಾ ಆಟ ನಿಲ್ಲಿಸಿದ್ದು 2023ರ ಫೆಬ್ರುವರಿಯಲ್ಲಿ. ಅಂದಿನಿಂದ ಭಾರತದ ಹುಡುಗಿಯೊಬ್ಬಳು ಯಾವುದಾದರೂ ಸಣ್ಣ ಟೂರ್ನಿಯಲ್ಲಿ ಎರಡು ಪಂದ್ಯ ಗೆದ್ದರೆ ಸಾಕು, ಅದೇ ಪ್ರಶ್ನೆ ಏಳುತ್ತದೆ: ಇವಳೇ ಏನು ಮುಂದಿನ ಸಾನಿಯಾ? ಕೆಲವು ತಿಂಗಳಲ್ಲಿ ಉತ್ತರ ಗೊತ್ತಾಗುತ್ತದೆ, ಅಲ್ಲ ಎಂದು. ಆಮೇಲೆ ನಿಟ್ಟುಸಿರು. ಅಷ್ಟು ದೊಡ್ಡ ಆಟಗಾರ್ತಿ ಬಂದುಹೋದರೂ ತಮ್ಮ ಹಿಂದೆ ಯಾರನ್ನೂ ಬಿಟ್ಟುಹೋಗಲಿಲ್ಲವಲ್ಲ! ಇದರ ಬೆನ್ನಿಗೇ ಮೆಚ್ಚುಗೆಯ ಮಾತೂ ಬರುತ್ತದೆ: ಸಾವಿರಾರು ಹೆಣ್ಣುಮಕ್ಕಳಿಗೆ ಆಕೆ ಪ್ರೇರಣೆ. ಎರಡನ್ನೂ ಒಬ್ಬರೇ ಒಂದೇ ಉಸಿರಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ಸಾವಿರಾರು ಮಂದಿಗೆ ಪ್ರೇರಣೆಯಾದವರು ಒಬ್ಬ ವಾರಸುದಾರಳನ್ನೂ ಬಿಡದೆ ಹೋದರೆಂದರೆ ಎಲ್ಲೋ ಲೆಕ್ಕ ತಪ್ಪಿದೆ.

ನನ್ನ ವಿನಯದ ತಕರಾರು ಇಷ್ಟೇ. ಸಾನಿಯಾ ಬಿಟ್ಟುಹೋದದ್ದನ್ನು ನಾವು ಹುಡುಕುತ್ತಿರುವ ಜಾಗವೇ ಬೇರೆ, ಅದು ಇರುವ ಜಾಗವೇ ಬೇರೆ. ನಮ್ಮ ಕಣ್ಣು 2005ರ ಹದಿನೆಂಟರ ಹುಡುಗಿಯ ಮೇಲೆ ನೆಟ್ಟಿದೆ. ಲೆಕ್ಕಕ್ಕೆ ಸಿಗುವಂಥದ್ದೇನಾದರೂ ಉಳಿದಿದ್ದರೆ ಅದನ್ನು ಉಳಿಸಿದವರು ಹತ್ತು ವರ್ಷದ ನಂತರದ, ಡಬಲ್ಸ್ ಆಡುತ್ತಿದ್ದ ಸಾನಿಯಾ.

2005 ಯಾಕೆ ಎಲ್ಲರಿಗೂ ನೆನಪಿದೆ ಎಂಬುದು ಅರ್ಥವಾಗುವಂಥದ್ದೇ. ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನ ಮೂರನೇ ಸುತ್ತು, ಎದುರಿಗೆ ಸೆರೆನಾ ವಿಲಿಯಮ್ಸ್. ಫೆಬ್ರುವರಿಯಲ್ಲಿ ತಮ್ಮೂರು ಹೈದರಾಬಾದಿನಲ್ಲೇ ಉಕ್ರೇನಿನ ಅಲ್ಯೋನಾ ಬೊಂಡಾರೆಂಕೊ ಅವರನ್ನು 6-4, 5-7, 6-3ರಿಂದ ಸೋಲಿಸಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ. ಭಾರತದ ಯಾವ ಹೆಣ್ಣೂ ಅದಕ್ಕೆ ಮೊದಲು ಅದನ್ನು ಗೆದ್ದಿರಲಿಲ್ಲ. ಮಾರ್ಚ್‌ನಲ್ಲಿ ದುಬೈಯಲ್ಲಿ ಆಗಿನ ಅಮೆರಿಕನ್ ಓಪನ್ ಚಾಂಪಿಯನ್ ಸ್ವೆಟ್ಲಾನಾ ಕುಜ್ನೆತ್ಸೊವಾ ಮೇಲೆ ಗೆಲುವು. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್, ನಾಲ್ಕನೇ ಸುತ್ತು, ಎದುರಿಗೆ ಶರಪೋವಾ. ಮೂಗುತಿ, ಘೋಷಣೆ ಬರೆದ ಟಿ-ಶರ್ಟು, ಚೆಂಡನ್ನು ಸೀಳುವಂಥ ಫೋರ್‌ಹ್ಯಾಂಡು, ಜೊತೆಗೆ ತೊಡುವ ಉಡುಪಿನ ಮೇಲೆ ಧರ್ಮಗುರುಗಳ ಆಕ್ಷೇಪ. ಒಂದು ದೇಶ ತಲೆ ಕೆಡಿಸಿಕೊಳ್ಳಲು ಬೇಕಾದ ಸಾಮಗ್ರಿಯೆಲ್ಲ ಒಬ್ಬ ಹುಡುಗಿಯಲ್ಲಿ ಕೂಡಿಬಂದಿತ್ತು.

ಆ ವರ್ಷ ಟೆನಿಸ್ ತರಬೇತಿಗೆ ಹೆಣ್ಣುಮಕ್ಕಳನ್ನು ಸೇರಿಸಿದವರು ನಮ್ಮ ಊರುಗಳಲ್ಲೂ ಇದ್ದರು. ಅದನ್ನು ಅಲ್ಲಗಳೆಯುತ್ತಿಲ್ಲ. ಆ ಮಕ್ಕಳು ಹದಿನಾರು, ಹದಿನೇಳಕ್ಕೆ ಬಂದಾಗ ಮುಂದೆ ಹತ್ತುವುದಕ್ಕೆ ಮೆಟ್ಟಿಲು ಇತ್ತೇ ಎಂದು ಕೇಳುತ್ತಿದ್ದೇನೆ, ಅಷ್ಟೆ.

ಸಾನಿಯಾ ಅವರಿಗೆ ಇತ್ತು. ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಹೈದರಾಬಾದಿನಲ್ಲಿ 2003ರಿಂದ 2005ರವರೆಗೆ ಡಬ್ಲ್ಯುಟಿಎ ಟೂರ್ನಿ ನಡೆಯಿತು. ಮೊದಲ ವರ್ಷ ಸ್ಥಳೀಯ ಹುಡುಗಿಗೆ ವೈಲ್ಡ್ ಕಾರ್ಡ್. ಎರಡನೇ ವರ್ಷ ದಕ್ಷಿಣ ಆಫ್ರಿಕದ ಲೀಜಲ್ ಹ್ಯೂಬರ್ ಜೊತೆ ಡಬಲ್ಸ್ ಪ್ರಶಸ್ತಿ. ಮೂರನೇ ವರ್ಷ ಸಿಂಗಲ್ಸ್. ವಿಮಾನದ ಟಿಕೆಟ್ಟಿಲ್ಲದೆ, ಹೋಟೆಲ್ ಖರ್ಚಿಲ್ಲದೆ, ಮನೆಯ ಊಟ ಮಾಡಿಕೊಂಡು ವಿಶ್ವದರ್ಜೆಯ ಆಟಗಾರ್ತಿಯರ ಎದುರು ಆಡುವ ಅವಕಾಶ ವರ್ಷಕ್ಕೊಮ್ಮೆ ಊರಿಗೇ ಬರುತ್ತಿತ್ತು. ಹೈದರಾಬಾದಿನದು ಮುಗಿದ ಮೇಲೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಅಂಗಳಕ್ಕೆ ಬಂತು. 2006ರಲ್ಲಿ ಸಾನಿಯಾ ಮತ್ತು ಹ್ಯೂಬರ್ ಇಲ್ಲಿಯೂ ಡಬಲ್ಸ್ ಗೆದ್ದರು. 2008ರಲ್ಲಿ ಅದೇ ಅಂಗಳದಲ್ಲಿ ಸೆರೆನಾ ಮತ್ತು ವೀನಸ್ ಸೆಮಿಫೈನಲ್‌ನಲ್ಲಿ ಸೆಣಸಿದರು ಎಂದರೆ ಇಂದಿನ ಹುಡುಗರು ನಂಬುವುದು ಕಷ್ಟ. ಆ ವರ್ಷ ಸಾನಿಯಾ ಬೆಂಗಳೂರಿಗೆ ಬರಲಿಲ್ಲ. ರಾಷ್ಟ್ರಧ್ವಜಕ್ಕೆ ಅಗೌರವ ತೋರಿದರೆಂಬ ದೂರು ಸೇರಿದಂತೆ ಒಂದರ ಮೇಲೊಂದು ವಿವಾದದಿಂದ ಬೇಸತ್ತು, ಭಾರತದಲ್ಲಿ ಆಡುವುದಿಲ್ಲ ಎಂದುಬಿಟ್ಟಿದ್ದರು.

ಅಲ್ಲಿಗೆ ಮುಗಿಯಿತು. 2008ರ ನಂತರ ಮುಖ್ಯ ಡಬ್ಲ್ಯುಟಿಎ ಪ್ರವಾಸದ ಟೂರ್ನಿ ಭಾರತಕ್ಕೆ ಮರಳಿದ್ದು 2022ರಲ್ಲಿ, ಚೆನ್ನೈಗೆ. ಮರುವರ್ಷ ಅದೂ ನಡೆಯಲಿಲ್ಲ. ನಡುವೆ ಪುಣೆ, ಮುಂಬೈಗಳಲ್ಲಿ ಒಂದು ಮಟ್ಟ ಕೆಳಗಿನ ಟೂರ್ನಿಗಳು ಬಂದುಹೋದವು. ಹದಿನಾಲ್ಕು ವರ್ಷವೆಂದರೆ, 2005ರಲ್ಲಿ ಸಾನಿಯಾರನ್ನು ನೋಡಿ ರ‍್ಯಾಕೆಟ್ ಹಿಡಿದ ಎಂಟು ವರ್ಷದ ಹುಡುಗಿಯ ಇಡೀ ಆಟದ ಆಯುಸ್ಸು. ಪ್ರೇರಣೆ ಅವಳಿಗೆ ಧಾರಾಳವಾಗಿ ಸಿಕ್ಕಿತು. ಮೆಟ್ಟಿಲನ್ನು ಮಾತ್ರ ಯಾರೋ ಎತ್ತಿಟ್ಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಈಗ ನಾವು ವಾರಸುದಾರರಿಲ್ಲ ಎಂಬ ಕೊರತೆಯನ್ನು ಸಾನಿಯಾ ಅವರ ಖಾತೆಗೆ ಬರೆಯುತ್ತೇವೆ.

ಹೋಲಿಕೆಗೆ ದೂರ ಹೋಗಬೇಕಿಲ್ಲ, ಅದೇ ಊರು ಸಾಕು. ಅದೇ ಹೈದರಾಬಾದಿನಲ್ಲಿ, ಅದೇ ವರ್ಷಗಳಲ್ಲಿ, ಪುಲ್ಲೇಲ ಗೋಪಿಚಂದ್ ಬ್ಯಾಡ್ಮಿಂಟನ್ ಅಕಾಡೆಮಿ ಕಟ್ಟಿದರು. ಅವರು ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಪಳಗಿದವರು. ಸೈನಾ ನೆಹ್ವಾಲ್ 2012ರಲ್ಲಿ ಒಲಿಂಪಿಕ್ ಕಂಚು ತಂದರು, ಪಿ.ವಿ. ಸಿಂಧು 2016ರಲ್ಲಿ ಬೆಳ್ಳಿ, ಟೋಕಿಯೊದಲ್ಲಿ ಕಂಚು. ಸೈನಾ ಸಾನಿಯಾಗಿಂತ ಹೆಚ್ಚು ಸ್ಫೂರ್ತಿದಾಯಕ ಎಂದು ಯಾರಾದರೂ ಹೇಳಿಯಾರೆ? ಆದರೆ ಬ್ಯಾಡ್ಮಿಂಟನ್‌ನಲ್ಲಿ ಒಂದು ಕಟ್ಟಡವಿತ್ತು. ಅದರೊಳಗೆ ಬೆಳಗಿನ ಜಾವಕ್ಕೇ ಬರುವ ಕೋಚ್ ಇದ್ದ. ರಾಷ್ಟ್ರೀಯ ಶಿಬಿರ ಇತ್ತು, ಸರಕಾರದ ಹಣ ಇತ್ತು. ಟೆನಿಸ್‌ನಲ್ಲಿ ಇದ್ದದ್ದು ಒಬ್ಬ ತಂದೆ, ಒಬ್ಬ ತಾಯಿ, ಒಂದು ಕಾರು.

ಟೆನಿಸ್‌ನಲ್ಲೇ ಹೋಲಿಕೆ ಬೇಕೆಂದರೆ ಚೀನಾ ಇದೆ. ಅಲ್ಲಿಯ ಲಿ ನಾ 2011ರಲ್ಲಿ ಫ್ರೆಂಚ್ ಓಪನ್, 2014ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆಕೆಯ ಊರು ವುಹಾನ್‌ನಲ್ಲಿ 2014ರಲ್ಲೇ ದೊಡ್ಡ ಡಬ್ಲ್ಯುಟಿಎ ಟೂರ್ನಿ ಶುರುವಾಯಿತು. ಅದೇ ಹುಬೈ ಪ್ರಾಂತ್ಯದಲ್ಲಿ ಹುಟ್ಟಿ, ಬಾಲ್ಯದಲ್ಲಿ ವುಹಾನ್‌ನಲ್ಲಿ ಆಟ ಕಲಿತ ಝೆಂಗ್ ಕ್ವಿನ್‌ವೆನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದರು. ಲಿ ನಾ ತನಗೆ ಸ್ಫೂರ್ತಿ ಎಂದು ಆಕೆ ಹೇಳಿದ್ದಾರೆ, ನಿಜವೂ ಇರಬೇಕು. ಸ್ಫೂರ್ತಿ ಅಲ್ಲಿ ಕೆಲಸ ಮಾಡಿದ್ದು ಅದರ ಕೆಳಗೆ ಸಿಮೆಂಟು ಇದ್ದುದರಿಂದ. ಆದ್ದರಿಂದ ‘ಸಾನಿಯಾ ಪ್ರೇರಣೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಣ್ಣ ಗುಮಾನಿ ಬರುತ್ತದೆ. ಟೂರ್ನಿ ನಡೆಸಬೇಕಾದವರು, ಕೋಚ್‌ಗೆ ಸಂಬಳ ಕೊಡಬೇಕಾದವರು ಪ್ರೇರಣೆಯನ್ನು ಹೊಗಳಿ ಕೈತೊಳೆದುಕೊಳ್ಳಬಹುದು. ಪ್ರೇರಣೆಗೆ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕಿಲ್ಲ.

ಹಾಗಾದರೆ ಸಾನಿಯಾ ಬಿಟ್ಟುಹೋದದ್ದೇನು?

ಸಿಂಗಲ್ಸ್‌ನಲ್ಲಿ ಅವರ ಅತ್ಯುನ್ನತ ಸ್ಥಾನ 27, ಅದು 2007ರಲ್ಲಿ. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ನಾಲ್ಕನೇ ಸುತ್ತು ದಾಟಲಿಲ್ಲ. ಮಣಿಕಟ್ಟು ಕೈಕೊಟ್ಟಿತು, 2008ರಲ್ಲಿ ಶಸ್ತ್ರಚಿಕಿತ್ಸೆ. 2013ರ ಹೊತ್ತಿಗೆ ಸಿಂಗಲ್ಸ್ ಬಿಟ್ಟರು. ನಮ್ಮಲ್ಲಿ ಪ್ರಚಲಿತವಿರುವ ಕಥೆ ಇಲ್ಲಿಗೆ ಮುಗಿಯುತ್ತದೆ. ಪಾಪ, ಡಬಲ್ಸ್‌ಗೆ ಇಳಿದರು, ಅಲ್ಲಿ ಒಂದಷ್ಟು ಗೆದ್ದರು.

‘ಇಳಿದರು’ ಎಂಬ ಈ ಭಾವನೆಗೆ ಆಧಾರ ಕಡಿಮೆ. 2003ರಲ್ಲಿ ವಿಂಬಲ್ಡನ್ ಬಾಲಕಿಯರ ಪ್ರಶಸ್ತಿ ಗೆದ್ದದ್ದೇ ಡಬಲ್ಸ್‌ನಲ್ಲಿ, ರಷ್ಯಾದ ಅಲಿಸಾ ಕ್ಲೆಬನೋವಾ ಜೊತೆ. ಮೊದಲ ಡಬ್ಲ್ಯುಟಿಎ ಪ್ರಶಸ್ತಿ ಬಂದದ್ದೂ ಡಬಲ್ಸ್‌ನಲ್ಲಿ, ಸಿಂಗಲ್ಸ್‌ಗಿಂತ ಒಂದು ವರ್ಷ ಮೊದಲು. ಮೊದಲ ಗ್ರ್ಯಾಂಡ್ ಸ್ಲಾಮ್, 2009ರ ಆಸ್ಟ್ರೇಲಿಯನ್ ಓಪನ್, ಮಹೇಶ್ ಭೂಪತಿ ಜೊತೆ ಮಿಶ್ರ ಡಬಲ್ಸ್. ಅಂದರೆ ಅವರು ಹುಟ್ಟಾ ಡಬಲ್ಸ್ ಆಟಗಾರ್ತಿ. ಕೆಲವು ವರ್ಷ ಸಿಂಗಲ್ಸ್‌ನಲ್ಲೂ ಅದ್ಭುತವಾಗಿ ಆಡಿದರು ಎನ್ನುವುದು ವಾಸ್ತವಕ್ಕೆ ಹೆಚ್ಚು ಹತ್ತಿರ. ನಾವು ಓದುತ್ತಿರುವ ಕ್ರಮ ತಲೆಕೆಳಗು.

ಆಟದ ತಿರುಳು ನೋಡಿ. ಸಾನಿಯಾ ಬಳಿ ಇದ್ದ ಬ್ರಹ್ಮಾಸ್ತ್ರ ಒಂದೇ, ಫೋರ್‌ಹ್ಯಾಂಡ್. ಎರಡನೇ ಸರ್ವ್ ದುರ್ಬಲ, ಅಂಗಳದ ಉದ್ದಗಲ ಓಡುವ ಚುರುಕೂ ಸಾಲದು. ಸಿಂಗಲ್ಸ್‌ನಲ್ಲಿ ಎದುರಾಳಿ ಈ ಎರಡು ತೂತುಗಳಿಗೇ ಕೈ ಹಾಕುತ್ತಾಳೆ. ಡಬಲ್ಸ್‌ನಲ್ಲಿ ಕಾಯಬೇಕಾದದ್ದು ಅರ್ಧ ಅಂಗಳ. ಉಳಿದರ್ಧಕ್ಕೆ ಜಾಣೆಯೊಬ್ಬಳು ಸಿಕ್ಕರೆ ಬ್ರಹ್ಮಾಸ್ತ್ರವನ್ನು ಪದೇ ಪದೇ ಬಿಡಬಹುದು. 2015ರ ಮಾರ್ಚ್‌ನಲ್ಲಿ ಸಿಕ್ಕವರು ಮಾರ್ಟಿನಾ ಹಿಂಗಿಸ್. ನೆಟ್ ಬಳಿ ಹಿಂಗಿಸ್‌ಗಿಂತ ಚೆನ್ನಾಗಿ ಯೋಚಿಸಿದವರು ಕಡಿಮೆ. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್‌ಸ್ಟನ್, ಹೀಗೆ ಜೊತೆಯಾಗಿ ಆಡಿದ ಮೊದಲ ಮೂರೂ ಟೂರ್ನಿಗಳಲ್ಲಿ ಪ್ರಶಸ್ತಿ. ಏಪ್ರಿಲ್ 13ಕ್ಕೆ ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೆ ಬಂದರು. ಒಟ್ಟು 91 ವಾರ ಅಲ್ಲಿದ್ದರು.

ಆ ಜುಲೈನ ವಿಂಬಲ್ಡನ್ ಫೈನಲ್ ನೋಡಿದವರು ಡಬಲ್ಸನ್ನು ಎರಡನೇ ದರ್ಜೆಯ ಆಟ ಎನ್ನಲಾರರು. ರಷ್ಯಾದ ಮಕರೋವಾ ಮತ್ತು ವೆಸ್ನಿನಾ ಮೊದಲ ಸೆಟ್ ಗೆದ್ದರು. ಎರಡನೆಯದು ಟೈಬ್ರೇಕ್‌ನಲ್ಲಿ ನಮ್ಮವರಿಗೆ. ಮೂರನೆಯದರಲ್ಲಿ 2-5ರ ಹಿನ್ನಡೆ. ಅಲ್ಲಿಂದ 5-5. ಕತ್ತಲಾದ್ದರಿಂದ ಸೆಂಟರ್ ಕೋರ್ಟಿನ ಚಾವಣಿ ಮುಚ್ಚಿಸಿ, ದೀಪ ಹಾಕಿಸಿ, ಮತ್ತೆ ಆಡಿ 7-5. ಅದಾದ ಮೇಲೆ ಅಮೆರಿಕನ್ ಓಪನ್, ಮರುವರ್ಷ ಆಸ್ಟ್ರೇಲಿಯನ್ ಓಪನ್, ಮತ್ತೆ 2016ರ ಫೆಬ್ರುವರಿಯಲ್ಲಿ ದೋಹಾದಲ್ಲಿ ಸೋಲುವವರೆಗೆ ಸತತ 41 ಗೆಲುವು. ಜೀವಮಾನದ ಲೆಕ್ಕ ಹಿಡಿದರೆ ಆರು ಗ್ರ್ಯಾಂಡ್ ಸ್ಲಾಮ್, ಅವುಗಳಲ್ಲಿ ಮೂರು ಮಿಶ್ರ ಡಬಲ್ಸ್. ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿಗಳು 43.

ಡಬಲ್ಸ್ ಎಂದರೆ ಪಕ್ಕವಾದ್ಯ, ಕಛೇರಿ ಸಿಂಗಲ್ಸ್‌ನವರದು ಎಂಬ ಧೋರಣೆ ಟೆನಿಸ್ ಲೋಕದಲ್ಲೇ ಇದೆ. ಬಹುಮಾನದ ಹಣ ಕಡಿಮೆ, ಟಿ.ವಿ.ಯಲ್ಲಿ ತೋರಿಸುವುದು ಕಡಿಮೆ, ಸಿಂಗಲ್ಸ್‌ನ ಅಗ್ರಗಣ್ಯರು ಆಡುವುದೂ ಕಡಿಮೆ. ಈ ವಾದದಲ್ಲಿ ಸತ್ಯವಿಲ್ಲ ಎನ್ನಲಾರೆ. ಆದರೆ ಮೈಸೂರು ಚೌಡಯ್ಯನವರನ್ನು ಪಕ್ಕವಾದ್ಯದವರೆಂದು ಒಂದು ಮೆಟ್ಟಿಲು ಕೆಳಗೆ ಕೂರಿಸಿದ ಕನ್ನಡಿಗರನ್ನು ನಾನಂತೂ ಕಂಡಿಲ್ಲ. ಅವರ ಏಳು ತಂತಿಯ ಪಿಟೀಲಿನ ಆಕಾರದಲ್ಲಿ ಬೆಂಗಳೂರಿನಲ್ಲಿ ಸಭಾಂಗಣವನ್ನೇ ಕಟ್ಟಿದೆವು. ಇನ್ನೊಬ್ಬರ ಜೊತೆಯಲ್ಲಿ ಶ್ರೇಷ್ಠವಾಗುವ ಕಲೆ ಒಂಟಿಯಾಗಿ ಶ್ರೇಷ್ಠವಾಗುವುದಕ್ಕಿಂತ ಚಿಕ್ಕದೆಂದು ಸಂಗೀತದಲ್ಲಿ ನಾವು ಒಪ್ಪಲಿಲ್ಲ. ಆಟದಲ್ಲಿ ಯಾಕೆ ಒಪ್ಪಬೇಕು?

ಈ ಡಬಲ್ಸ್ ಬದುಕಿನಿಂದ ಸಾನಿಯಾ ಅವರಿಗೆ ಇನ್ನೊಂದು ಅರಿವೂ ದಕ್ಕಿತು ಎಂದು ನನ್ನ ಊಹೆ. ಡಬಲ್ಸ್‌ನಲ್ಲಿ ಜೊತೆಗಾರ್ತಿಯ ಆಯ್ಕೆಯೇ ಬಂಡವಾಳ. ಯಾರ ಜೊತೆ, ಎಷ್ಟು ಕಾಲ, ಯಾವಾಗ ಬೇರೆಯಾಗುವುದು ಎಂಬುದೆಲ್ಲ ಇಬ್ಬರು ವೃತ್ತಿಪರರು ಕೂತು ತೀರ್ಮಾನಿಸುವ ವಿಷಯ. 2016ರ ಆಗಸ್ಟ್‌ನಲ್ಲಿ ಹಿಂಗಿಸ್ ಜೊತೆಗಿನ ಆಟ ಮುಗಿದಾಗ ಇಬ್ಬರೂ ಹಾಗೆಯೇ ಹೇಳಿ ಬೇರೆಯಾದರು. ಕೆಲವೇ ದಿನಗಳಲ್ಲಿ ಸಿನ್ಸಿನಾಟಿ ಫೈನಲ್‌ನಲ್ಲಿ ಎದುರು ಬದುರು ನಿಂತರು. ಬಾರ್ಬೊರಾ ಸ್ಟ್ರೈಕೋವಾ ಜೊತೆ ಸಾನಿಯಾ ಗೆದ್ದರು. ನಮ್ಮ ಮಾಧ್ಯಮಗಳು ಅದನ್ನು ಜಗಳದ ಸುದ್ದಿಯಾಗಿಸಲು ಎಷ್ಟು ತಿಣುಕಿದರೂ ಅಲ್ಲಿ ಜಗಳ ಸಿಗಲಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ಗೆ ಮುನ್ನ ನಡೆದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಭೂಪತಿ ಮತ್ತು ರೋಹನ್ ಬೋಪಣ್ಣ ಇಬ್ಬರೂ ಲಿಯಾಂಡರ್ ಪೇಸ್ ಜೊತೆ ಆಡಲು ಒಪ್ಪದಿದ್ದಾಗ, ಟೆನಿಸ್ ಸಂಸ್ಥೆ ಪೇಸ್‌ರನ್ನು ಸಮಾಧಾನಪಡಿಸಲು ಮಿಶ್ರ ಡಬಲ್ಸ್‌ನಲ್ಲಿ ಸಾನಿಯಾರನ್ನು ಅವರಿಗೆ ಜೋಡಿಸಿತು. ಸಾನಿಯಾ ಆಡುತ್ತೇನೆ ಎಂದರು, ಆಡಿದರು. ಅದಕ್ಕೂ ಮೊದಲು ಸಾರ್ವಜನಿಕವಾಗಿ ಹೇಳಿಕೆ ಕೊಟ್ಟರು: ಮುನಿಸಿಕೊಂಡ ಹಿರಿಯ ಆಟಗಾರನನ್ನು ಒಲಿಸಲು ತನ್ನನ್ನು ಆಮಿಷವಾಗಿ ಬಳಸಲಾಗಿದೆ, ಇದು ಗಂಡಸರ ಅಹಂಕಾರ ಎಂದು. ಇಪ್ಪತ್ತೈದರ ಹೆಣ್ಣು ಒಲಿಂಪಿಕ್ಸ್‌ಗೆ ತಿಂಗಳಿರುವಾಗ ಆಡಿದ ಮಾತು ಇದು. ಅದನ್ನು ಬಂಡಾಯವೆಂದು ಕೆಲವರು ಕೊಂಡಾಡಿದರು, ಉದ್ಧಟತನವೆಂದು ಕೆಲವರು ಮೂಗು ಮುರಿದರು. ನನಗೆ ಎರಡೂ ಕಾಣಲಿಲ್ಲ. ಕೆಲಸದ ಕರಾರು ಬಲ್ಲವರೊಬ್ಬರು ಆ ಕರಾರು ಮುರಿದವರಿಗೆ ಕೊಟ್ಟ ನೋಟಿಸಿನ ಹಾಗಿತ್ತು. 2016ರಲ್ಲಿ ಹೆಸರಾಂತ ಟಿ.ವಿ. ಪತ್ರಕರ್ತರೊಬ್ಬರು ‘ಯಾವಾಗ ನೆಲೆಯಾಗುತ್ತೀರಿ, ತಾಯ್ತನ ಯಾವಾಗ’ ಎಂದು ಕೇಳಿದಾಗಲೂ ಅದೇ ಧಾಟಿ. ವಿಶ್ವದ ಒಂದನೇ ಸ್ಥಾನದಲ್ಲಿರುವವಳು ಇನ್ನೂ ನೆಲೆಯಾಗಿಲ್ಲ ಎಂದುಕೊಂಡಿದ್ದೀರಾ ಎಂಬರ್ಥದ ಉತ್ತರ, ಅದೂ ನಗುನಗುತ್ತಲೇ. ಕೇಳಿದವರು ಅಲ್ಲೇ ಕ್ಷಮೆ ಕೋರಿದರು. ಆಮೇಲೆ 2018ರಲ್ಲಿ ಸಾನಿಯಾ ತಾಯಿಯಾದರು. 2020ರ ಜನವರಿಯಲ್ಲಿ ಹೋಬಾರ್ಟ್‌ನಲ್ಲಿ ಮತ್ತೆ ಅಂಗಳಕ್ಕಿಳಿದು ಮೊದಲ ಟೂರ್ನಿಯಲ್ಲೇ ನಾದಿಯಾ ಕಿಚೆನೊಕ್ ಜೊತೆ ಪ್ರಶಸ್ತಿ ಗೆದ್ದರು.

ಈಗ ವಾರಸುದಾರರ ವಿಷಯ. ಸಿಂಗಲ್ಸ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅಂಕಿತಾ ರೈನಾ, ಕರ್ಮನ್ ಕೌರ್ ಥಾಂಡಿ ಮೊದಲ 200ರ ಅಂಚನ್ನು ಮುಟ್ಟಿ ಬಂದರು. ಆದರೆ ಅದೇ ಅಂಕಿತಾ 2021ರಲ್ಲಿ ಮೆಲ್ಬರ್ನ್‌ನಲ್ಲಿ ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಪಕ್ಕದಲ್ಲಿ ನಿಂತು ಆಡಿದರು. 2020ರ ಮಾರ್ಚ್‌ನಲ್ಲಿ ಇಬ್ಬರೂ ಸೇರಿ ಭಾರತವನ್ನು ಮೊದಲ ಬಾರಿಗೆ ಫೆಡ್ ಕಪ್‌ನ ಪ್ಲೇ ಆಫ್‌ಗೆ ಕೊಂಡೊಯ್ದಿದ್ದರು. ಋತುಜಾ ಭೋಸಲೆ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆ ಮಿಶ್ರ ಡಬಲ್ಸ್ ಚಿನ್ನ ತಂದರು. ಇವರೆಲ್ಲ ಸಾನಿಯಾ ತೋರಿಸಿದ ದಾರಿಯಲ್ಲೇ ನಡೆದವರು. ನಾವು ಇವರನ್ನು ಎಣಿಸುವುದಿಲ್ಲ, ಯಾಕೆಂದರೆ ನಮ್ಮ ಮನಸ್ಸಿನಲ್ಲಿರುವ ಸಾನಿಯಾ ಇನ್ನೂ ಶರಪೋವಾ ಎದುರು ಒಂಟಿಯಾಗಿ ನಿಂತಿದ್ದಾರೆ.

ಇಲ್ಲೊಂದು ಗಟ್ಟಿ ಆಕ್ಷೇಪಣೆ ಇದೆ, ಅದನ್ನು ಹಾರಿಸಿ ಹೋಗುವುದು ಸರಿಯಲ್ಲ. ಪೇಸ್, ಭೂಪತಿ, ಸಾನಿಯಾ, ಬೋಪಣ್ಣ ಎಲ್ಲರೂ ಡಬಲ್ಸ್‌ನಲ್ಲಿ ಗೆದ್ದದ್ದರಿಂದ ಭಾರತದ ಟೆನಿಸ್ ಸುಲಭದ ದಾರಿ ಹಿಡಿಯಿತು, ಸಿಂಗಲ್ಸ್ ಬೆಳೆಸುವ ಕಷ್ಟಕ್ಕೆ ಬೆನ್ನು ತಿರುಗಿಸಿತು ಎಂಬುದು. ಆಡಳಿತಗಾರರ ಮಟ್ಟಿಗೆ ಇದು ನಿಜವಿರಬಹುದು. ಅವರಿಗೆ ಪದಕ ಸಿಕ್ಕರೆ ಸಾಕು. ಆದರೆ 250ನೇ ಸ್ಥಾನದಲ್ಲಿರುವ ಆಟಗಾರ್ತಿಯ ಕಡೆಯಿಂದ ನೋಡಿ. ಕೋಚ್, ಪ್ರಯಾಣ, ವಸತಿ ಎಲ್ಲವನ್ನೂ ತಾನೇ ಭರಿಸಿ, ಮೊದಲ ಸುತ್ತಿನಲ್ಲಿ ಸೋತರೆ ಆ ವಾರದ ಗಳಿಕೆ ಹೋಟೆಲ್ ಬಾಡಿಗೆಗೂ ಸಾಲದು. ಅದೇ ಊರಿನಲ್ಲಿ ಡಬಲ್ಸ್‌ನಲ್ಲಿ ಎರಡು ಸುತ್ತು ಗೆದ್ದರೆ ಮುಂದಿನ ವಾರದ ಟಿಕೆಟ್ ಆಗುತ್ತದೆ. ಡಬಲ್ಸ್ ಅವಳನ್ನು ಸಿಂಗಲ್ಸ್‌ನಿಂದ ದೂರ ಒಯ್ಯುವುದಕ್ಕಿಂತ ಹೆಚ್ಚಾಗಿ ಆಟದಲ್ಲಿಯೇ ಉಳಿಸುತ್ತದೆ. ಇದ್ದ ಒಂದೇ ಅಸ್ತ್ರ, ಹೋದ ಮಣಿಕಟ್ಟು, ಇವನ್ನಿಟ್ಟುಕೊಂಡು ಇಪ್ಪತ್ತು ವರ್ಷ ದುಡಿಯಬಹುದೆಂದು ಸಾನಿಯಾ ತೋರಿಸಿದ್ದು ಇಂಥವರಿಗೆ ಉಪಯೋಗಕ್ಕೆ ಬರುತ್ತದೆ. ಸೆರೆನಾ ಎದುರು ಆಡುವ ಹದಿನೆಂಟರ ಪವಾಡ ಯಾರ ಕೈಗೂ ಸಿಗುವ ಪಾಠವಲ್ಲ.

ಲೆಕ್ಕ ಹಾಕುವ ಈ ಗೊಂದಲ ನಮ್ಮ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. 2015ರಲ್ಲಿ ಸಾನಿಯಾಗೆ ಖೇಲ್ ರತ್ನ ಪ್ರಕಟವಾದಾಗ, 2012ರ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಸರಕಾರದ್ದೇ ಅಂಕಪದ್ಧತಿಯ ಪ್ರಕಾರ ತಾನು ಮುಂದಿದ್ದೇನೆ ಎಂಬುದು ಅವರ ವಾದ. ನ್ಯಾಯಾಲಯ ನೋಟಿಸ್ ಕೊಟ್ಟಿತು, ಪ್ರಶಸ್ತಿ ಪ್ರದಾನವೂ ಆಯಿತು. ಆಗ ಇಲ್ಲಿ ಹಲವರು ಗಿರೀಶರ ಕಡೆ ಇದ್ದರು, ನನಗೂ ಅವರ ಅಹವಾಲು ಅನ್ಯಾಯದ್ದೆಂದು ತೋರಲಿಲ್ಲ. ಆದರೆ ಆ ಜಗಳ ಅಸಲಿಗೆ ಇಬ್ಬರು ಕ್ರೀಡಾಪಟುಗಳ ನಡುವಿನದಾಗಿರಲಿಲ್ಲ. ದೇಶದ ಬಾವುಟ ಹೊತ್ತು ಆಡಿದ ಕೂಟಗಳನ್ನು ಅಳೆಯಲೆಂದು ಮಾಡಿದ ಅಳತೆಗೋಲಿನಲ್ಲಿ, ವಾರವಾರವೂ ತನ್ನ ಹೆಸರಿನಲ್ಲೇ ಆಡುವ ವೃತ್ತಿಯನ್ನು ಎಲ್ಲಿ ಕೂರಿಸುವುದೆಂದು ಯಾರಿಗೂ ತೋಚಿರಲಿಲ್ಲ.

ಆ ಅಳತೆಗೋಲು ಇಂದಿಗೂ ಬದಲಾಗಿಲ್ಲ ಎಂಬುದಕ್ಕೆ ಒಂದು ಸಣ್ಣ ಸಾಕ್ಷಿ. 2023ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಬೋಪಣ್ಣ ಜೊತೆ ಸಾನಿಯಾ ತಮ್ಮ ಕೊನೆಯ ಗ್ರ್ಯಾಂಡ್ ಸ್ಲಾಮ್ ಫೈನಲ್ ಆಡಿ, ಬ್ರೆಜಿಲ್ ಜೋಡಿಗೆ ಸೋತರು. ಹದಿನಾಲ್ಕನೇ ವಯಸ್ಸಿನಲ್ಲಿ ತನ್ನ ಮೊದಲ ಮಿಶ್ರ ಡಬಲ್ಸ್ ಜೊತೆಗಾರ ಇದೇ ರೋಹನ್ ಎಂದು ಅಲ್ಲಿ ನೆನೆದರು. ಮರುತಿಂಗಳು ಆರ್‌ಸಿಬಿ ಮಹಿಳಾ ಕ್ರಿಕೆಟ್ ತಂಡ ಅವರನ್ನು ಮಾರ್ಗದರ್ಶಕಿಯಾಗಿ ನೇಮಿಸಿತು. ಟೆನಿಸ್‌ನವರಿಗೆ ಕ್ರಿಕೆಟ್ ತಂಡದಲ್ಲಿ ಏನು ಕೆಲಸ ಎಂದು ಬೆಂಗಳೂರು ನಕ್ಕಿತು. ಅದು ಬರೇ ಜಾಹೀರಾತು ತಂತ್ರ ಎಂದವರೂ ಇದ್ದರು, ಸ್ವಲ್ಪ ಮಟ್ಟಿಗೆ ಇರಲೂಬಹುದು. ಆದರೆ ಆ ತಂಡದ ಹುಡುಗಿಯರು ಎರಡು ದಿನದ ಹಿಂದಷ್ಟೇ ಹರಾಜಾಗಿದ್ದರು. ಸ್ಮೃತಿ ಮಂಧಾನಾಗೆ 3.4 ಕೋಟಿ ರೂಪಾಯಿ ಬೆಲೆ ಕಟ್ಟಿದ್ದರು. ದುಡ್ಡು, ನಿರೀಕ್ಷೆ, ಕ್ಯಾಮೆರಾ, ಸೋತಾಗ ಬೈಗುಳ ಇವೆಲ್ಲ ಒಟ್ಟೊಟ್ಟಿಗೆ ಬಂದರೆ ಏನು ಮಾಡಬೇಕೆಂದು ಅವರಿಗೆ ಹೇಳಬಲ್ಲ ಹೆಣ್ಣು ಭಾರತೀಯ ಕ್ರಿಕೆಟ್‌ನಲ್ಲಿ ಆಗ ಯಾರಿದ್ದರು? ಆ ಋತುವಿನಲ್ಲಿ ತಂಡ ಮೊದಲ ಐದೂ ಪಂದ್ಯ ಸೋತಿತು, ಆರನೆಯದನ್ನು ಗೆದ್ದಿತು. ಮಾರ್ಗದರ್ಶಕಿಯಿಂದ ಏನೂ ಉಪಯೋಗವಾಗಲಿಲ್ಲ ಎಂದು ಆಗ ಆಡಿಕೊಂಡವರು, ಐದು ಸೋಲು ಉಂಡ ಡ್ರೆಸ್ಸಿಂಗ್ ರೂಮಿಗೆ ಎಂಥವರು ಬೇಕಾಗುತ್ತಾರೆ ಎಂಬುದನ್ನು ಯೋಚಿಸಿದಂತೆ ಕಾಣಲಿಲ್ಲ.